ಕುದುರೆಗೆ ಕಾಡಿನ ದಾರಿ ಮುಚ್ಚುತ್ತಾರಂತೆ, ನಾನೇನು ಬರೆಯಲಿ?

ಪ್ರಶ್ನೆ: ನಾನು ಹಾಸನದ ಕಡೆಯವಳು. 11 ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಮನೆ ಫ್ರೆಸ್ನೋ ಹತ್ತಿರ. ಪಕ್ಕದ ಮನೆಯವರೂ ನಾವೂ ಸೇರಿ ಎರಡು ಕುದುರೆ, ಒಂದು ಹೇಸರಗತ್ತೆ ಸಾಕಿದ್ದೇವೆ. ಬೇಸಿಗೆಯಲ್ಲಿ ಸಿಯೆರಾ ನೆವಾಡಾ ಬೆಟ್ಟಕ್ಕೆ ಹೋಗಿ ಮೂರು ನಾಲ್ಕು ದಿನ ಉಳಿದು ಬರುತ್ತೇವೆ. ಈಗ ನಾವು ಹೋಗುವ ನ್ಯಾಷನಲ್ ಫಾರೆಸ್ಟಿನವರು ಒಂದು ಪ್ರಸ್ತಾಪ ಹೊರಡಿಸಿದ್ದಾರೆ. ಒಂದು ಕವಲು ದಾರಿಯನ್ನು ಕುದುರೆಗಳಿಗೆ ಪೂರ್ತಿ ಮುಚ್ಚುತ್ತಾರಂತೆ. ಅದರ ತುದಿಯ ಹುಲ್ಲುಗಾವಲಿನಲ್ಲಿ ಮೇಯಿಸುವಂತಿಲ್ಲವಂತೆ. ದಾರಿ ಶುರುವಾಗುವ ಕಡೆ ಪಾರ್ಕಿಂಗ್ ಜಾಗವನ್ನೂ ಹೊಸದಾಗಿ ಮಾಡುತ್ತಾರಂತೆ. ಅಭಿಪ್ರಾಯ ಕಳಿಸಲು 30 ದಿನ ಕೊಟ್ಟಿದ್ದಾರೆ. ನಮ್ಮ ಯಜಮಾನರು, "ಸರ್ಕಾರ ನೋಟಿಸ್ ಹಾಕಿದೆ ಅಂದ್ರೆ ತೀರ್ಮಾನ ಆಗಿಹೋಗಿದೆ, ಸುಮ್ನೆ ಇರು" ಅನ್ನುತ್ತಾರೆ. ಗೆಳತಿಯೊಬ್ಬಳು ಆನ್‌ಲೈನ್ ಪಿಟಿಷನ್ ಹಾಕಿ 500 ಸಹಿ ಮಾಡಿಸೋಣ ಅನ್ನುತ್ತಾಳೆ. ನಾನಿನ್ನೂ ಇಲ್ಲಿನ ಸಿಟಿಜನ್ ಅಲ್ಲ, ನನ್ನ ಮಾತಿಗೆ ಬೆಲೆ ಇದೆಯಾ? ಇನ್ನೊಂದು ವಿಷಯ. ಕುದುರೆಗಳಿಂದ ಕಾಡು ಹಾಳಾಗುತ್ತದೆ ಅನ್ನುವುದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ಗೊತ್ತಿಲ್ಲದೆ ವಾದ ಮಾಡಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ನಿಮ್ಮ ಕೊನೆಯ ಮಾತು ಓದಿದ ಮೇಲೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು ಅನ್ನಿಸಿತು. ಗೊತ್ತಿಲ್ಲದೆ ವಾದ ಮಾಡಲಾರೆ ಅನ್ನುವವರು ಬರೆದ ಪತ್ರವನ್ನೇ ರೇಂಜರ್ ಕಚೇರಿಯವರು ಕೂತು ಓದುತ್ತಾರೆ.

ಮೊದಲು ನಿಮ್ಮ ಯಜಮಾನರ ಮಾತು. ಊರಿನಲ್ಲಿ ನಾವೆಲ್ಲ ಕಂಡಿದ್ದು ಹಾಗೇ ಅಲ್ವಾ? ಕಚೇರಿ ಗೋಡೆಗೆ ನೋಟಿಸ್ ಅಂಟಿಸುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ. ಆದರೆ ನಿಮ್ಮ ಕೈಯಲ್ಲಿರುವ ಕಾಗದ ಆ ಥರದ್ದಲ್ಲ. ಅಮೆರಿಕದಲ್ಲಿ 1970ರಿಂದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ ಇದೆ. ಫೆಡರಲ್ ಇಲಾಖೆಯೊಂದು ಇಂಥ ಕೆಲಸಕ್ಕೆ ಕೈ ಹಾಕುವ ಮುಂಚೆ ಅದರಿಂದ ಏನಾಗುತ್ತದೆ, ಬೇರೆ ಉಪಾಯ ಇದೆಯಾ ಎಂದು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ನಿಮಗೆ ಬಂದಿರುವುದು ಆ ಹಂತದ ಕಾಗದ. ತೀರ್ಮಾನ ಇನ್ನೂ ಆಗಿಲ್ಲ. ಹಾಗಂತ ಇಲಾಖೆಯವರ ಮನಸ್ಸು ಖಾಲಿ ಹಲಗೆಯೂ ಅಲ್ಲ. ಒಂದು ಕಡೆ ವಾಲಿರುತ್ತಾರೆ. ಆದರೆ ಈ ಹಂತದಲ್ಲಿ ಒಂದು ಸಾಲು ಬದಲಾಗಿದ್ದನ್ನು, ಪೂರ್ತಿ ಮುಚ್ಚಬೇಕು ಎಂದಿದ್ದ ದಾರಿ ಜುಲೈ ಮಧ್ಯದವರೆಗೆ ಮಾತ್ರ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಿಟಿಜನ್ ಆಗಿರಬೇಕು ಅನ್ನುವ ನಿಯಮ ಇಲ್ಲ. ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಇದು ಮತ ಹಾಕುವ ಕೆಲಸ ಅಲ್ಲ. ನೂರು ಜನ ಬೇಡ ಅಂದರು, ಎಂಬತ್ತು ಜನ ಬೇಕು ಅಂದರು ಎಂದು ಎಣಿಸಿ ನಿರ್ಧಾರ ಮಾಡುವುದಿಲ್ಲ. ಹಾಗಾಗಿ ನಿಮ್ಮ ಗೆಳತಿಯ ಪಿಟಿಷನ್ ಬಗ್ಗೆ ನನಗೆ ಉತ್ಸಾಹ ಇಲ್ಲ. ಒಂದೇ ಒಕ್ಕಣೆಯ 500 ಪತ್ರ ಬಂದರೆ ಅವನ್ನೆಲ್ಲ ಒಟ್ಟಿಗೆ ಕಟ್ಟಿ, ಒಂದು ವಿಷಯ ಎಂದು ಬರೆದುಕೊಳ್ಳುತ್ತಾರೆ. ಆ ದಾರಿಯಲ್ಲಿ ನಿಜವಾಗಿ ಓಡಾಡಿದ ಐದು ಜನ ಐದು ಬೇರೆ ಬೇರೆ ಪತ್ರ ಬರೆದರೆ ಐದಕ್ಕೂ ಉತ್ತರ ಹುಡುಕಬೇಕಾಗುತ್ತದೆ. ಪಿಟಿಷನ್‌ಗೆ ಓಡಾಡುವ ಸಮಯವನ್ನು ಆ ಐದು ಜನರನ್ನು ಹುಡುಕಲು ಬಳಸಿ.

ಈಗ ಬರೆಯಬಾರದ ಒಂದು ಸಾಲು. "ಕುದುರೆ ಹತ್ತಿ ಹೋಗುವುದು ನಮ್ಮ ಹಕ್ಕು." ನಾನು 14 ವರ್ಷದ ಹಿಂದೆ ನನ್ನ ಮೊದಲ ಪತ್ರವನ್ನು ಇದೇ ಸಾಲಿನಿಂದ ಶುರು ಮಾಡಿದ್ದೆ. ಮೂರು ಪುಟ ಬರೆದಿದ್ದೆ. ಅಜ್ಜನ ಕಾಲದ ಜಟಕಾ ಕುದುರೆ, ಬೆಟ್ಟದ ಗಾಳಿ, ಮಕ್ಕಳ ಸಂತೋಷ ಎಲ್ಲ ಇತ್ತು. ಕೊನೆಗೆ ಬಂದ ವರದಿಯಲ್ಲಿ ನನ್ನ ಪತ್ರಕ್ಕೆ ಸಿಕ್ಕಿದ್ದು ಒಂದೇ ಸಾಲು: ಅಭಿಪ್ರಾಯ ಗಮನಿಸಲಾಗಿದೆ. ಆ ದಾರಿ ಮುಚ್ಚಿತು. ಅದೇ ದಾರಿಯ ಎರಡು ಮೈಲಿ ಕೆಳಗೆ ಒಂದು ಬಳಸುದಾರಿ ಇತ್ತು, ಅಲ್ಲಿಂದ ಸುತ್ತಿ ಹೋದರೆ ಜೌಗು ತಪ್ಪುತ್ತಿತ್ತು. ನನಗೆ ಗೊತ್ತಿತ್ತು. ನಾನು ಬರೆದಿರಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ. ನಿಮಗೆ ಇಷ್ಟು ವಿವರವಾಗಿ ಹೇಳುತ್ತಿರುವುದು ಅದಕ್ಕೇ.

ಹಕ್ಕಿನ ಮಾತು ಯಾಕೆ ನಿಲ್ಲುವುದಿಲ್ಲ ಅಂದರೆ ಕಾನೂನಿನಲ್ಲಿ ಅಂಥ ಹಕ್ಕನ್ನು ಬರೆದಿಟ್ಟಿಲ್ಲ. 1964ರ ವೈಲ್ಡರ್‌ನೆಸ್ ಕಾಯ್ದೆ, ಅಂದರೆ ಕಾಡನ್ನು ಕಾಡಾಗಿಯೇ ಉಳಿಸಲು ಗುರುತಿಸಿದ ಪ್ರದೇಶಗಳ ಕಾಯ್ದೆ, ಅಲ್ಲಿ ಮೋಟಾರು ವಾಹನವನ್ನು, ಯಂತ್ರದ ಸಾರಿಗೆಯನ್ನು ಬೇಡ ಅನ್ನುತ್ತದೆ. ಕುದುರೆ, ಹೇಸರಗತ್ತೆ ಬೇಡ ಅನ್ನುವುದಿಲ್ಲ. ಹಳೆಯ ಕಾಲದ ಸರಳ ರೀತಿಯಲ್ಲಿ ಓಡಾಡಲು ಅಲ್ಲಿ ಅವಕಾಶ ಇರಬೇಕು ಅನ್ನುತ್ತದೆ, ಕುದುರೆ ಸವಾರಿ ಅದರೊಳಗೆ ಸೇರುತ್ತದೆ. ಆದರೆ ಎಲ್ಲಿ, ಯಾವಾಗ, ಎಷ್ಟು ಎಂದು ಹೇಳುವ ಅಧಿಕಾರ ಇಲಾಖೆಯದು. ಸಿಯೆರಾದ ಜಾನ್ ಮ್ಯೂರ್ ಮತ್ತು ಆನ್ಸೆಲ್ ಆಡಮ್ಸ್ ವೈಲ್ಡರ್‌ನೆಸ್‌ಗಳಲ್ಲಿ ಒಂದು ತಂಡದಲ್ಲಿ 15 ಜನ, 25 ಪ್ರಾಣಿಗಿಂತ ಜಾಸ್ತಿ ಹೋಗುವಂತಿಲ್ಲ ಅನ್ನುವ ಮಿತಿ ಇಂಥ ಅಧಿಕಾರದಿಂದಲೇ ಬಂದಿದ್ದು.

ನೆಲ ಯಾರದು ಅನ್ನುವುದೂ ಮುಖ್ಯ. ನ್ಯಾಷನಲ್ ಪಾರ್ಕಿನಲ್ಲಿ ಇಲಾಖೆ ಗೊತ್ತು ಮಾಡಿದ ದಾರಿಗಳಲ್ಲಿ ಮಾತ್ರ ಕುದುರೆ ಹೋಗಬಹುದು. ನ್ಯಾಷನಲ್ ಫಾರೆಸ್ಟಿನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ಮುಚ್ಚಿದೆ ಎಂದು ಆದೇಶ ಇಲ್ಲದಿದ್ದರೆ ತೆರೆದಿದೆ ಎಂದೇ ಅರ್ಥ. ನಿಮ್ಮದು ನ್ಯಾಷನಲ್ ಫಾರೆಸ್ಟ್. ಅಂದರೆ ಯಾಕೆ ಮುಚ್ಚಬೇಕು ಎಂದು ಕಾರಣ ಕೊಡುವ ಹೊರೆ ಅವರ ಮೇಲಿದೆ. ಪತ್ರದಲ್ಲಿ ನೀವು ಹಿಡಿಯಬೇಕಾದ ಎಳೆ ಇದು. ಅವರು ಕೊಟ್ಟ ಕಾರಣವನ್ನೇ ತೆಗೆದುಕೊಳ್ಳಿ. ಆ ಕಾರಣ ನಿಜವಾ ನೋಡಿ. ನಿಜವಾದರೆ ದಾರಿ ಮುಚ್ಚದೆ ಅದನ್ನು ಸರಿಮಾಡಲು ಸಾಧ್ಯವಾ ನೋಡಿ.

ಇಲ್ಲಿಂದ ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ಕುದುರೆಗಳಿಂದ ಹಾನಿ ಆಗುತ್ತದೆಯೇ? ಆಗುತ್ತದೆ. ಇದನ್ನು ನಮ್ಮ ಕುದುರೆಯವರಲ್ಲಿ ತುಂಬಾ ಜನ ಒಪ್ಪುವುದಿಲ್ಲ, ಅದೇ ನಮ್ಮ ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ. ಒಂದು ಕುದುರೆ ಸುಮಾರು 450 ಕಿಲೊ ತೂಗುತ್ತದೆ. ಆ ಭಾರವೆಲ್ಲ ನಾಲ್ಕು ಗೊರಸಿನ ಮೇಲೆ, ಅದರ ಕೆಳಗೆ ಕಬ್ಬಿಣದ ಲಾಳ. 1998ರಲ್ಲಿ ಪಶ್ಚಿಮ ಮೊಂಟಾನಾದ ಕಾಡುದಾರಿಗಳ, ಅಂದರೆ ಟ್ರೇಲ್‌ಗಳ ಮೇಲೆ ಕುದುರೆ, ಲಾಮಾ (ಒಂಟೆ ಜಾತಿಯ ಹೇರುಪ್ರಾಣಿ), ಮನುಷ್ಯ ಮೂವರನ್ನೂ ನಡೆಸಿ ಪರೀಕ್ಷೆ ಮಾಡಿದ್ದರು. ಜಾಸ್ತಿ ಮಣ್ಣು ಸಡಿಲವಾಗಿ ಕೊಚ್ಚಿಹೋಗಿದ್ದು ಕುದುರೆ ನಡೆದ ಕಡೆ. ಇದನ್ನು ಅಲ್ಲಗಳೆಯಲು ಹೋದರೆ ಎದುರಿಗಿರುವ ಮಣ್ಣುತಜ್ಞರು ಪತ್ರವನ್ನು ಅಲ್ಲೇ ಮಡಚಿಡುತ್ತಾರೆ.

ಆದರೆ ಹಾನಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಬಂಡೆ, ಗಟ್ಟಿ ಜಲ್ಲಿ ಮಣ್ಣು, ನೀರು ಹರಿದುಹೋಗುವಂತೆ ಸರಿಯಾಗಿ ಕಟ್ಟಿದ ದಾರಿ ಕುದುರೆಯನ್ನು ತಡೆದುಕೊಳ್ಳುತ್ತದೆ. ತಡೆದುಕೊಳ್ಳದಿರುವುದು ಒದ್ದೆ ಹುಲ್ಲುಗಾವಲು. ಹಿಮ ಕರಗಿದ ಹೊಸತರಲ್ಲಿ, ಜೂನ್ ಕೊನೆಗೆ, ಎತ್ತರದ ಹುಲ್ಲುಗಾವಲಿನ ಅಂಚಿಗೆ ಹೋಗಿ ನಿಂತು ನೋಡಿ. ಮೇಲೆ ಹಸಿರು ಹಾಸಿದ ಹಾಗೆ ಕಾಣುತ್ತದೆ. ಕುದುರೆ ಕಾಲಿಟ್ಟರೆ ಗೊರಸು ಒಂದು ಗೇಣು ಒಳಗೆ ಹೋಗುತ್ತದೆ. ಕಾಲು ಎತ್ತುವಾಗ ಪಚಕ್ ಎಂದು ಸದ್ದು ಬರುತ್ತದೆ, ಹುಲ್ಲಿನ ಬೇರಿನ ಚಾಪೆ ಹರಿದು ಒಂದು ತುಂಡು ಮೇಲೆ ಬರುತ್ತದೆ. ಆ ಗುಂಡಿಯಲ್ಲಿ ಎರಡು ನಿಮಿಷಕ್ಕೆ ನೀರು ತುಂಬುತ್ತದೆ. ಹತ್ತು ಕುದುರೆ ಹೋದರೆ ಗುಂಡಿಗಳು ಒಂದಕ್ಕೊಂದು ಕೂಡಿ ಕಾಲುವೆ ಆಗುತ್ತದೆ. ಹುಲ್ಲುಗಾವಲಿನ ತುಂಬಾ ನಿಧಾನ ಜಿನುಗಬೇಕಾದ ನೀರು ಆ ಕಾಲುವೆ ಹಿಡಿದು ಓಡುತ್ತದೆ. ಕಾಲುವೆ ಆಳವಾದಷ್ಟೂ ಸುತ್ತಲಿನ ನೆಲ ಒಣಗುತ್ತದೆ. ಗದ್ದೆ ಬದುವಿಗೆ ಒಂದು ತೂತು ಬಿದ್ದರೆ ಏನಾಗುತ್ತದೆ ಎಂದು ನಿಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಹುಲ್ಲುಗಾವಲಿಗೆ ಆಗಸ್ಟಿನಲ್ಲಿ ಹೋಗಿ. ನೆಲ ಗಟ್ಟಿ. ಗೊರಸಿನ ಗುರುತು ಬರೀ ಗೀರು. ಸಿಕ್ವೊಯಾ ಮತ್ತು ಕಿಂಗ್ಸ್ ಕ್ಯಾನಿಯನ್ ನ್ಯಾಷನಲ್ ಪಾರ್ಕಿನವರು ಇದನ್ನು ನೋಡಿಯೇ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಆ ವರ್ಷ ಹಿಮ ಜಾಸ್ತಿಯೋ, ಸಾಧಾರಣವೋ, ಕಡಿಮೆಯೋ ನೋಡಿ, ಹುಲ್ಲುಗಾವಲುಗಳಲ್ಲಿ ಮೇಯಿಸಲು ಬಿಡುವ ದಿನಾಂಕ ಗೊತ್ತು ಮಾಡುತ್ತಾರೆ. ಒದ್ದೆ ವರ್ಷ ತಡವಾಗಿ, ಒಣ ವರ್ಷ ಬೇಗ. ಎಷ್ಟು ಪ್ರಾಣಿ ಎಷ್ಟು ರಾತ್ರಿ ಮೇಯ್ದವು ಎಂಬ ಲೆಕ್ಕವನ್ನೂ ಇಡುತ್ತಾರೆ. ಸೂಕ್ಷ್ಮವಾದ ಜಾಗಗಳನ್ನು ಪೂರ್ತಿ ಮುಚ್ಚಿದ್ದೂ ಇದೆ. ನಿಮ್ಮ ಪತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ನಿಮ್ಮ ಬೆಟ್ಟದ ಪಕ್ಕದಲ್ಲೇ, ಇನ್ನೊಂದು ಫೆಡರಲ್ ಇಲಾಖೆ, ಪೂರ್ತಿ ಮುಚ್ಚುವುದಕ್ಕೂ ಪೂರ್ತಿ ಬಿಡುವುದಕ್ಕೂ ನಡುವಿನ ಒಂದು ದಾರಿಯನ್ನು ವರ್ಷಗಟ್ಟಲೆ ನಡೆಸಿ ತೋರಿಸಿದೆ.

ಹಾಗಾದರೆ ನಿಮ್ಮ ಪತ್ರದ ಮುಖ್ಯ ಭಾಗ ಸುಮಾರು ಹೀಗಿರಬಹುದು. ಬರೆಯುವುದು ಇಂಗ್ಲಿಷಿನಲ್ಲೇ, ಆದರೆ ಯೋಚನೆಯ ಜಾಡು ಇದು:

"ನಾನು ಕಳೆದ 4 ಬೇಸಿಗೆಯಲ್ಲಿ ಈ ದಾರಿಯಲ್ಲಿ ಇಷ್ಟು ಸಲ, 2 ಕುದುರೆ ಮತ್ತು 1 ಹೇಸರಗತ್ತೆಯ ಜೊತೆ ಹೋಗಿದ್ದೇನೆ. ನಿಮ್ಮ ಪ್ರಸ್ತಾಪ ಹುಲ್ಲುಗಾವಲಿನ ಕೆಳ ಅಂಚಿನ ತುಳಿತವನ್ನು ಕಾರಣವಾಗಿ ಹೇಳುತ್ತದೆ. ಅದನ್ನು ನಾನೂ ಕಂಡಿದ್ದೇನೆ, ಫೋಟೊ ಲಗತ್ತಿಸಿದ್ದೇನೆ. ತುಳಿತ ಇರುವುದು ತೊರೆ ದಾಟುವ ಜಾಗದಿಂದ ಸುಮಾರು ಇಷ್ಟು ಅಡಿ ಉದ್ದಕ್ಕೆ ಮಾತ್ರ. ಮೇಲಿನ ಒಣ ಭಾಗದಲ್ಲಿ ಕಂಡಿಲ್ಲ. ಮೂರು ಪರ್ಯಾಯಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ಒಂದು, ನೆಲ ಒಣಗುವ ದಿನಾಂಕದವರೆಗೆ ಮಾತ್ರ ಮುಚ್ಚುವುದು. ಎರಡು, ದಾಟುವ ಜಾಗವನ್ನು ಮೇಲಿನ ಬಂಡೆಯ ಕಡೆಗೆ ಸರಿಸುವುದು. ಮೂರು, ಹುಲ್ಲುಗಾವಲಿನಲ್ಲಿ ಮೇಯಿಸುವುದನ್ನು ನಿಲ್ಲಿಸಿ, ಕಳೆಬೀಜ ಇಲ್ಲದ ಪ್ರಮಾಣಿತ ಮೇವು ಹೊತ್ತು ತರುವವರಿಗೆ ದಾರಿಯನ್ನು ತೆರೆದಿಡುವುದು. ಎರಡನೆಯ ಕೆಲಸಕ್ಕೆ ಸಾಮಾನು ಹೊರಲು ನಾವು ತಯಾರಿದ್ದೇವೆ."

ನೋಡಿ, ಇದರಲ್ಲಿ ಸಿಟ್ಟಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಪ್ರತಿ ಸಾಲಿಗೂ ಇಲಾಖೆಯವರು ಹೌದು ಅನ್ನಬೇಕು, ಅಥವಾ ಯಾಕೆ ಆಗುವುದಿಲ್ಲ ಎಂದು ಬರೆಯಬೇಕು. ಖಾಲಿ ಬಿಟ್ಟಿರುವ ಸಂಖ್ಯೆಗಳನ್ನು ನೀವೇ ಅಳೆದು ತುಂಬಿಸಿ. ಅಂದಾಜಿನಲ್ಲಿ ಬರೆದರೆ ಅಂದಾಜು ಎಂದೇ ಬರೆಯಿರಿ. ಮೂರನೆಯ ಪರ್ಯಾಯ ಬರೆಯುವ ಮುಂಚೆ ಲೆಕ್ಕ ಹಾಕಿಕೊಳ್ಳಿ. ಒಂದು ಕುದುರೆ ದಿನಕ್ಕೆ ತನ್ನ ತೂಕದ ಸುಮಾರು ನೂರಕ್ಕೆ ಎರಡು ಪಾಲು ಮೇವು ತಿನ್ನುತ್ತದೆ, ಅಂದರೆ 9 ಕಿಲೊ. ಮೂರು ಪ್ರಾಣಿಗೆ ಮೂರು ದಿನಕ್ಕೆ 80 ಕಿಲೊ ದಾಟುತ್ತದೆ. ನಿಮ್ಮ ಹೇಸರಗತ್ತೆ ಆರಾಮವಾಗಿ ಹೊರುವುದು ಸುಮಾರು 70 ಕಿಲೊ. ಹಾಗಾಗಿ ಎರಡು ರಾತ್ರಿಯ ಪ್ರಯಾಣಕ್ಕೆ ಮಾತ್ರ ಇದು ಸರಿಹೋಗುತ್ತದೆ, ಅದೂ ನಿಮ್ಮ ಸಾಮಾನು ಕಡಿಮೆ ಮಾಡಿಕೊಂಡು, ಉಳಿದಿದ್ದನ್ನು ಜೀನಿನ ಹಿಂದೆ ಕಟ್ಟಿಕೊಂಡರೆ. ಮಾಡಲಾಗದ್ದನ್ನು ಪತ್ರದಲ್ಲಿ ಒಪ್ಪಿಕೊಳ್ಳಬೇಡಿ.

ಈಗ ಪಾರ್ಕಿಂಗ್. ನೀವು ಅದನ್ನು ಕೊನೆಗೆ, ಹಗುರವಾಗಿ ಹೇಳಿದ್ದೀರಿ. ನನಗೆ ಜಾಸ್ತಿ ಚಿಂತೆ ಇರುವುದು ಅಲ್ಲೇ. ಪಿಕಪ್ಪು, ಅದರ ಹಿಂದೆ ಮೂರು ಪ್ರಾಣಿಯ ಟ್ರೇಲರ್ ಸೇರಿದರೆ 40 ಅಡಿಗಿಂತ ಜಾಸ್ತಿ ಉದ್ದ. ಹೊಸ ನಕ್ಷೆಯಲ್ಲಿ ಕಾರುಗಳಿಗೆ ಅಚ್ಚುಕಟ್ಟಾಗಿ ಗೆರೆ ಎಳೆದು, ಮಧ್ಯೆ ಒಂದು ಹೂವಿನ ಕಟ್ಟೆ ಹಾಕಿಬಿಟ್ಟರೆ ಮುಗಿಯಿತು. ಟ್ರೇಲರ್ ತಿರುಗಿಸಲು ಜಾಗ ಇರುವುದಿಲ್ಲ. ದಾರಿಯ ಬಾಯಿಯಲ್ಲಿ ಕುದುರೆಗೆ ಅನುಮತಿ ಇದೆ ಎಂಬ ಬೋರ್ಡು ಇರುತ್ತದೆ, ಕುದುರೆ ಮಾತ್ರ ಅಲ್ಲಿಗೆ ಬರಲಾಗುವುದಿಲ್ಲ. ಯಾವ ಆದೇಶವೂ ಇಲ್ಲದೆ ಹೀಗೆ ಮುಚ್ಚಿಹೋದ ದಾರಿಗಳು, ಆದೇಶದಿಂದ ಮುಚ್ಚಿದವಕ್ಕಿಂತ ನನ್ನ ಅನುಭವದಲ್ಲಿ ಜಾಸ್ತಿ. ಕೆಟ್ಟ ಮನಸ್ಸಿನಿಂದ ಮಾಡುತ್ತಾರೆ ಎಂದಲ್ಲ. ನಕ್ಷೆ ಬರೆಯುವ ಎಂಜಿನಿಯರ್ ಟ್ರೇಲರ್ ಓಡಿಸಿರುವುದಿಲ್ಲ, ಅಷ್ಟೇ. ಕುದುರೆಯವರಿಗಾಗಿ ಟ್ರೇಲ್, ಪಾರ್ಕಿಂಗ್, ಕ್ಯಾಂಪ್ ಹೇಗೆ ಕಟ್ಟಬೇಕು ಎಂಬ ಬಗ್ಗೆ ನ್ಯಾಷನಲ್ ಫಾರೆಸ್ಟುಗಳನ್ನು ನೋಡಿಕೊಳ್ಳುವ ಇಲಾಖೆಯಾದ ಫಾರೆಸ್ಟ್ ಸರ್ವಿಸ್‌ನದೇ ಒಂದು ಕೈಪಿಡಿ ಇದೆ, 2007ರದು. ಅದರ ಅಳತೆಯಂತೆ ಕನಿಷ್ಠ ಎರಡು ಜಾಗವಾದರೂ ಹಿಂದಕ್ಕೆ ತೆಗೆಯದೆ ನೇರ ಹೊರಗೆ ಹೋಗುವಂತೆ ಇರಲಿ ಎಂದು ಕೇಳಿ. ನಿಮ್ಮ ಗಾಡಿಯ ಉದ್ದ ಟೇಪು ಹಿಡಿದು ಅಳೆದು ಬರೆಯಿರಿ. ನೀರಿನ ವ್ಯವಸ್ಥೆ, ಲದ್ದಿ ಹಾಕುವ ಜಾಗ ಇವನ್ನೂ ಸೇರಿಸಿ. ಎರಡು ಪ್ಯಾರಾ ಸಾಕು, ಆದರೆ ಬಿಡಬೇಡಿ.

ಕೋರ್ಟಿಗೆ ಹೋಗಬಹುದಾ ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ಗುಂಪಿನಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಹಾಗಾಗಿ ನಿಮ್ಮ ಬೆಟ್ಟದಲ್ಲೇ ನಡೆದ ಕಥೆ ತಿಳಿದಿರಲಿ. ನಡೆದು ಹೋಗುವವರ ಒಂದು ಸಂಘ, ಹೈ ಸಿಯೆರಾ ಹೈಕರ್ಸ್ ಅಸೋಸಿಯೇಷನ್, ಸಿಕ್ವೊಯಾ ಮತ್ತು ಕಿಂಗ್ಸ್ ಕ್ಯಾನಿಯನ್ ಪಾರ್ಕಿನ ಮೇಲೆ ಕೇಸು ಹಾಕಿತ್ತು. ಬಾಡಿಗೆಗೆ ಕುದುರೆ, ಹೇಸರಗತ್ತೆ ಕರೆದೊಯ್ಯುವ ವ್ಯಾಪಾರ ವೈಲ್ಡರ್‌ನೆಸ್ ಒಳಗೆ ನಿಜವಾಗಿ ಎಷ್ಟು ಅಗತ್ಯ ಎಂದು ಪಾರ್ಕು ಸರಿಯಾಗಿ ಪರಿಶೀಲಿಸಿಲ್ಲ ಅನ್ನುವುದು ಅವರ ವಾದ. 1964ರ ಕಾಯ್ದೆ ಅಲ್ಲಿ ವ್ಯಾಪಾರವನ್ನು ಅಗತ್ಯ ಇರುವಷ್ಟಕ್ಕೆ ಮಾತ್ರ ಬಿಡುತ್ತದೆ. 2012ರ ಜನವರಿಯಲ್ಲಿ ಫೆಡರಲ್ ಕೋರ್ಟ್ ಈ ವಾದವನ್ನು ಒಪ್ಪಿತು. ಆ ಬೇಸಿಗೆಯ ಪರ್ಮಿಟ್‌ಗಳು ತೂಗಾಡತೊಡಗಿದವು. ತಲೆಮಾರುಗಳಿಂದ ಇದೇ ಕೆಲಸ ಮಾಡಿಕೊಂಡು ಬಂದ ಸಂಸಾರಗಳಿಗೆ ಆ ವರ್ಷದ ದುಡಿಮೆ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಕೊನೆಗೆ ಅಮೆರಿಕದ ಕಾಂಗ್ರೆಸ್ ಒಂದು ಚಿಕ್ಕ ಕಾಯ್ದೆ ಮಾಡಿ, ಜೂನ್ 2012ರಲ್ಲಿ ಅದು ಜಾರಿಗೆ ಬಂದು, ಹೊಸ ಯೋಜನೆ ತಯಾರಾಗುವವರೆಗೆ ಪರ್ಮಿಟ್ ಕೊಡಲು ದಾರಿಯಾಯಿತು. ಆ ಯೋಜನೆ 2015ರಲ್ಲಿ ಬಂತು.

ಕುದುರೆಯವರಲ್ಲಿ ಆ ಹೈಕರ್‌ಗಳನ್ನು ಬೈಯುವವರು ಇವತ್ತಿಗೂ ಇದ್ದಾರೆ. ನಾನು ಬೈಯುವುದಿಲ್ಲ. ಎಷ್ಟು ಅಗತ್ಯ, ಯಾರು ಲೆಕ್ಕ ಹಾಕಿದ್ದೀರಿ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಹತ್ತಿರ ಆಗ ಉತ್ತರ ಇರಲಿಲ್ಲ. ಎಷ್ಟು ರಾತ್ರಿ, ಎಷ್ಟು ಪ್ರಾಣಿ, ಯಾರಿಗಾಗಿ ಎಂದು ಕೂತು ಬರೆದ ಮೇಲೆ ಮಾತು ಮುಂದೆ ಸಾಗಿತು. ನಿಮ್ಮಂಥ ಸ್ವಂತ ಪ್ರಾಣಿಯವರಿಗೂ ಇದೇ ಅನ್ವಯ. ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ದಾರಿ, ಪ್ರಾಣಿ ಎಷ್ಟು, ಎಲ್ಲಿ ಕಟ್ಟಿದಿರಿ, ನೆಲ ಹೇಗಿತ್ತು.

ಹಳೆಯ ಕಾಲದ ಮಾತನ್ನು ಪತ್ರದಲ್ಲಿ ಹಾಕಬಾರದು ಎಂದಲ್ಲ. ಒಂದೆರಡು ಸಾಲು ಇರಲಿ. ಸಿಯೆರಾದ ಬೆನ್ನೆಲುಬಿನ ಮೇಲೆ ಹೋಗುವ ಜಾನ್ ಮ್ಯೂರ್ ಟ್ರೇಲ್ ಕಟ್ಟಲು ಶುರುವಾಗಿದ್ದು 1915ರಲ್ಲಿ, ಮುಗಿದಿದ್ದು 1938ರಲ್ಲಿ. ಬೆಟ್ಟದ ನಡುವಿನ ಕೆಲಸಗಾರರಿಗೆ ಹಾರೆ, ಹಿಟ್ಟು ತಲುಪಿದ್ದು ಹೇಸರಗತ್ತೆಯ ಬೆನ್ನ ಮೇಲೆ. ಪರಿಸರದ ದೊಡ್ಡ ಸಂಘವಾದ ಸಿಯೆರಾ ಕ್ಲಬ್ ಕೂಡ 1901ರಿಂದ ಬಹಳ ವರ್ಷ ತನ್ನ ಸದಸ್ಯರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಿದ್ದುದು ಉದ್ದನೆಯ ಹೇಸರಗತ್ತೆ ಸಾಲಿನ ಜೊತೆಗೇ. ಕುದುರೆಗೂ ಕಾಲ್ನಡಿಗೆಗೂ ಸೇರಿ ಗೊತ್ತಾದ 2,650 ಮೈಲಿಯ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ಗೆ 1968ರ ಕಾಯ್ದೆಯ ಆಸರೆ ಇದೆ. ಇಷ್ಟು ಹೇಳಿ ನಿಲ್ಲಿಸಿ. ನಮಗೂ ಇದು ಹೊಸ ವಿದ್ಯೆಯಲ್ಲ. ಉಪ್ಪು, ಅಕ್ಕಿ ಹೇರಿಕೊಂಡು ಘಟ್ಟ ಹತ್ತಿಳಿದ ಲಂಬಾಣಿಗಳ ಹೇರೆತ್ತುಗಳು ಸವೆಸಿದ ದಾರಿಗಳು ನಮ್ಮ ಕಡೆಯೂ ಇದ್ದವು. ಎರಡೂ ಕಡೆಯ ಹೇರು ಸಮತೂಕ ಇರಬೇಕು ಎಂದು ಅವರಿಗೆ ಗೊತ್ತಿತ್ತು. ನಿಮ್ಮ ಹೇಸರಗತ್ತೆಯ ಎರಡು ಪಕ್ಕಕ್ಕೆ ನೇತುಹಾಕುವ ಪ್ಯಾನಿಯರ್ ಪೆಟ್ಟಿಗೆಗಳನ್ನು ನೀವು ತಕ್ಕಡಿಗೆ ನೇತು ಹಾಕಿ ಅರ್ಧ ಕಿಲೊ ವ್ಯತ್ಯಾಸ ಇಲ್ಲದಂತೆ ಮಾಡಿಕೊಳ್ಳುವುದೂ ಅದೇ ಲೆಕ್ಕ.

ಪತ್ರಕ್ಕಿಂತ ಜಾಸ್ತಿ ತೂಗುವುದು ಒಂದಿದೆ, ಅದು ಕೆಲಸ. 2013ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪತ್ರ ತನಿಖಾ ಸಂಸ್ಥೆ ಒಂದು ವರದಿ ಕೊಟ್ಟಿತು. ಫಾರೆಸ್ಟ್ ಸರ್ವಿಸ್ ಕೈಯಲ್ಲಿದ್ದ 1,58,000 ಮೈಲಿ ಟ್ರೇಲ್‌ನಲ್ಲಿ ಇಲಾಖೆಯ ಅಳತೆಗೆ ಸರಿಯಾಗಿ ಇದ್ದದ್ದು ಕಾಲುಭಾಗ ಮಾತ್ರ. ಬಾಕಿ ಬಿದ್ದ ದುರಸ್ತಿ 31.4 ಕೋಟಿ ಡಾಲರಿನದು. ಮುಂದೆ 2016ರಲ್ಲಿ ಟ್ರೇಲ್ ಕೆಲಸದಲ್ಲಿ ಸ್ವಯಂಸೇವಕರ ಪಾಲು ಹೆಚ್ಚಿಸಬೇಕು ಎಂದು ಕಾಯ್ದೆಯೇ ಬಂತು. ಅದಕ್ಕಾಗಿ ಓಡಾಡಿದವರಲ್ಲಿ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಆಫ್ ಅಮೆರಿಕ ಮುಂದಿತ್ತು. 1973ರಲ್ಲಿ ಮೊಂಟಾನಾದ ಫ್ಲಾಟ್‌ಹೆಡ್ ಕಣಿವೆಯಲ್ಲಿ ಶುರುವಾದ ಸಂಘ ಇದು. ಕ್ಯಾಲಿಫೋರ್ನಿಯಾದಲ್ಲೂ ಇದರ ಘಟಕಗಳಿವೆ. ಈ ವಾರವೇ ಹತ್ತಿರದ ಘಟಕಕ್ಕೆ ಫೋನ್ ಮಾಡಿ. ಒಂಟಿಯಾಗಿ ಓಡಾಡಬೇಡಿ.

ವೈಲ್ಡರ್‌ನೆಸ್ ಒಳಗೆ ಮೋಟಾರು ಗರಗಸ ಓಡಿಸುವಂತಿಲ್ಲ. ದಾರಿಗೆ ಅಡ್ಡ ಬಿದ್ದ ಮರವನ್ನು ಇಬ್ಬರು ಎರಡು ತುದಿ ಹಿಡಿದು ಎಳೆಯುವ ಉದ್ದ ಗರಗಸದಲ್ಲೇ ಕೊಯ್ಯಬೇಕು. ಕೆಲವು ವರ್ಷದ ಹಿಂದೆ ಎಂಟು ಜನರ ಒಂದು ತಂಡಕ್ಕೆ ನಾವು ಸಾಮಾನು ಹೊತ್ತುಕೊಟ್ಟೆವು. ಅವರಲ್ಲಿ ಒಬ್ಬರೂ ಕುದುರೆಯವರಲ್ಲ, ಎಲ್ಲ ಹೈಕರ್‌ಗಳು. ಗರಗಸವನ್ನು ಹೇಸರಗತ್ತೆಯ ಹೇರಿನ ಮೇಲೆ ಕಮಾನಿನಂತೆ ಬಗ್ಗಿಸಿ ಕಟ್ಟಿದ್ದೆವು. ಹಳೇ ಫೈರ್ ಹೋಸ್ ಸೀಳಿ ಹಲ್ಲುಗಳಿಗೆ ತೊಡಿಸಿದ್ದೆವು, ಪ್ರಾಣಿಗೆ ತಾಗದಿರಲಿ ಎಂದು. ಒಬ್ಬ ಹುಡುಗಿ ದಾರಿಯುದ್ದಕ್ಕೂ ಕುದುರೆ ಲದ್ದಿ ನೋಡಿ ಮುಖ ಸಿಂಡರಿಸುತ್ತಿದ್ದಳು. ಮೂರನೆಯ ದಿನ ಸಂಜೆ, ನಾವು ಎರಡನೆಯ ಸಲ ಮೊಟ್ಟೆ, ಆಲೂಗಡ್ಡೆ, ಹರಿತ ಮಾಡಿಸಿದ ಇನ್ನೊಂದು ಗರಗಸ ತಂದಾಗ, ಅವಳೇ ಬಂದು ಹೇಸರಗತ್ತೆಯ ಕೊರಳು ಸವರಿದಳು. ಆ ಬೇಸಿಗೆ ಅವರು ಕೊಯ್ದು ತೆಗೆದ ಮರ 60ಕ್ಕಿಂತ ಜಾಸ್ತಿ. ಮುಂದಿನ ವರ್ಷ ಅದೇ ದಾರಿಗೆ ಕುದುರೆ ಬೇಡ ಎಂಬ ಮಾತು ಬಂದಾಗ, ಬೇಕು ಎಂದು ಬರೆದವರಲ್ಲಿ ಅವಳೂ ಒಬ್ಬಳು. ಒಬ್ಬ ಹೈಕರ್ ಬರೆದ ಆ ಒಂದು ಪುಟಕ್ಕೆ ನಮ್ಮ ಹತ್ತು ಪತ್ರ ಸಮ ಬರುವುದಿಲ್ಲ.

ಹಾಗಾಗಿ ದಾರಿಯಲ್ಲಿ ಎದುರಾಗುವ ಪ್ರತಿಯೊಬ್ಬರೂ ನಾಳೆ ಪತ್ರ ಬರೆಯುವವರು ಎಂದು ನಡೆದುಕೊಳ್ಳಿ. ಪಾರ್ಕಿಂಗ್ ಜಾಗದಲ್ಲಿ ಬಿದ್ದ ಲದ್ದಿಯನ್ನು ಗೋರಿ ಟ್ರೇಲರಿನಲ್ಲೇ ವಾಪಸ್ ತನ್ನಿ. ಕ್ಯಾಂಪಿನಲ್ಲಿ ಬಿದ್ದಿದ್ದನ್ನು ಚೆದುರಿಸಿ. ಮರಕ್ಕೆ ನೇರ ಕಟ್ಟಿದರೆ ಕುದುರೆ ಬೇರು ಕೆರೆಯುತ್ತದೆ, ತೊಗಟೆ ಸವೆಯುತ್ತದೆ. ಎರಡು ಮರದ ನಡುವೆ, ಅಗಲ ಪಟ್ಟಿ ಸುತ್ತಿ, ತಲೆಗಿಂತ ಎತ್ತರಕ್ಕೆ ಹೈಲೈನ್ ಹಗ್ಗ ಎಳೆದು ಅದಕ್ಕೆ ಕಟ್ಟಿ. ಅದು ನೀರಿನಿಂದ 200 ಅಡಿ ದೂರ, ಗಟ್ಟಿ ನೆಲದ ಮೇಲೆ ಇರಲಿ. ಹೊರಡುವಾಗ ಗೊರಸು ಕೆರೆದ ಗುಂಡಿಗಳನ್ನು ಮುಚ್ಚಿ, ಮೇಲೆ ಪೈನ್ ಎಲೆ ಎರಚಿ. ಕುದುರೆಗೆ ದಾರಿ ಬಿಡಬೇಕಾದವರು ಹೈಕರ್‌ಗಳೇ, ನಿಯಮ ಹಾಗೇ ಇದೆ. ಆದರೂ ಜಾಗ ಇದ್ದ ಕಡೆ ನೀವೇ ನಿಂತು, ಮಾತನಾಡಿಸಿ ಹೋಗಿ. ಅವರು ಮಾತನಾಡಿದರೆ, ಆ ದೊಡ್ಡ ಚೀಲ ಹೊತ್ತು ಬರುವುದು ಮನುಷ್ಯ ಎಂದು ಕುದುರೆಗೂ ಗೊತ್ತಾಗುತ್ತದೆ.

ಇನ್ನು ದಿನಗಳ ವಿಚಾರ. ಫಾರೆಸ್ಟ್ ಸರ್ವಿಸ್‌ನಲ್ಲಿ ಕರಡು ತೀರ್ಮಾನ ಬಂದ ಮೇಲೆ ಸಾಮಾನ್ಯವಾಗಿ ಆಕ್ಷೇಪಣೆ ಸಲ್ಲಿಸುವ ಒಂದು ಹಂತ ಇರುತ್ತದೆ. ಅಲ್ಲಿ ಬಾಯಿ ತೆರೆಯಬೇಕಾದರೆ ಈಗಿನ ಹಂತದಲ್ಲಿ, ಗಡುವಿನೊಳಗೆ, ವಿಷಯ ಇಟ್ಟು ಬರೆದಿರಬೇಕು. ಈಗ ಬರೆಯದವರಿಗೆ ಆ ಬಾಗಿಲು ತೆರೆಯುವುದಿಲ್ಲ. ಈಗ ಎತ್ತದ ವಿಷಯವನ್ನು ಆಗ ಹೊಸದಾಗಿ ಎತ್ತುವುದೂ ಕಷ್ಟ. ನಾನು ಪಾರ್ಕಿಂಗ್ ಬಿಡಬೇಡಿ ಎಂದು ಒತ್ತಿ ಹೇಳಿದ್ದು ಅದಕ್ಕೇ. 2025ರಲ್ಲಿ ಪರಿಸರ ಪರಿಶೀಲನೆಯ ನಿಯಮಗಳು ಬಹಳ ಬದಲಾಗಿವೆ. ಹಳೆಯ ಗುಂಪುಗಳಲ್ಲಿ ಯಾರಾದರೂ, "ಇನ್ನೂ ಒಂದು ಸುತ್ತು ಇರುತ್ತೆ ಬಿಡಿ" ಅಂದರೆ ನಂಬಬೇಡಿ. ನಿಮ್ಮ ನೋಟಿಸಿನಲ್ಲಿ ಇರುವ ದಿನಾಂಕವೇ ಪ್ರಮಾಣ. ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಕಳಿಸಿ, ತಲುಪಿತು ಎಂಬ ದಾಖಲೆ ಇಟ್ಟುಕೊಳ್ಳಿ.

ಅದಕ್ಕೂ ಮುಂಚೆ ರೇಂಜರ್ ಕಚೇರಿಗೆ ಒಂದು ಫೋನ್ ಮಾಡಿ. ಜಗಳಕ್ಕಲ್ಲ. ಈ ಯೋಜನೆ ನೋಡಿಕೊಳ್ಳುವವರು ಯಾರು ಎಂದು ಕೇಳಿ, ಅವರ ಜೊತೆ ಆ ಹುಲ್ಲುಗಾವಲಿಗೆ ಒಂದು ದಿನ ಹೋಗಿಬರಬಹುದಾ ಎಂದು ಕೇಳಿ. ಎಷ್ಟೋ ಸಲ ಒಪ್ಪುತ್ತಾರೆ. ಕಚೇರಿಯಲ್ಲಿ ಕೂತವರಿಗೂ ಬೆಟ್ಟಕ್ಕೆ ಹೋಗಲು ಒಂದು ನೆಪ ಬೇಕಿರುತ್ತದೆ. ಹೋದರೆ ನೀವು ಕಡಿಮೆ ಮಾತನಾಡಿ. ತುಳಿದ ಜಾಗವನ್ನು ಅವರಿಗಿಂತ ಮೊದಲು ನೀವೇ ತೋರಿಸಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.

ಅವರು ಬರದಿದ್ದರೂ ಈ ಶನಿವಾರ ನೀವು ಹೋಗಿ. ಕುದುರೆ ಬೇಡ, ನಡೆದೇ ಹೋಗಿ. ತೊರೆ ದಾಟುವ ಜಾಗದಿಂದ ಶುರು ಮಾಡಿ, ಹತ್ತು ಹೆಜ್ಜೆಗೊಮ್ಮೆ ನಿಂತು ಹಿಮ್ಮಡಿ ಒತ್ತಿ ನೋಡಿ. ನೀರು ಬಂತಾ, ಇಲ್ಲವಾ ಬರೆದುಕೊಳ್ಳಿ. ನೆಲ ಎಲ್ಲಿ ಗಟ್ಟಿಯಾಗುತ್ತದೋ ಅಲ್ಲಿ ಒಂದು ಫೋಟೊ ತೆಗೆಯಿರಿ, ಹಿಂದೆ ಗುರುತಿಗೆ ಒಂದು ಬಂಡೆಯೋ ಮರವೋ ಕಾಣುವಂತೆ. ಆ ಪಟ್ಟಿ, ಫೋಟೊಗಳು, ಗಾಡಿಯ ಅಳತೆ ಮೂರನ್ನೂ ನನಗೆ ಕಳಿಸಿದರೆ ಕರಡು ಪತ್ರವನ್ನು ನಿಮ್ಮ ಜೊತೆ ಕೂತು ತಿದ್ದಿಕೊಡುತ್ತೇನೆ.